ಮರ್ಸಿಡಿಸ್ ಯಾರ ಮಗಳೆಂದು ಗೊತ್ತು, ರೇಡಿಯೇಟರ್ ಯಾರ ಕೂಸು?

ಬೇಸಿಗೆ ಶುರುವಾದರೆ ಗಾಡಿಗಳ ಬಗ್ಗೆ ಮೂರು ಫಾರ್ವರ್ಡ್‌ಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತವೆ. ಕೂಲೆಂಟ್ ಅನ್ನೋದು ಕಂಪನಿಗಳ ಲೂಟಿ, ನಲ್ಲಿ ನೀರು ಸಾಕು ಅನ್ನುವುದು ಒಂದು. ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಇಂಜಿನ್ ಬಿಸಿಯೇ ಆಗುವುದಿಲ್ಲ ಅನ್ನುವುದು ಇನ್ನೊಂದು. ಬೆಂಗಳೂರಿನ ತಂಪು ಹವೆಯಲ್ಲಿ ಗಾಡಿ ಕುದಿಯುವ ಮಾತೇ ಇಲ್ಲ, ಅದೆಲ್ಲ ರಾಯಚೂರು, ಕಲಬುರಗಿಯವರ ಚಿಂತೆ ಅನ್ನುವುದು ಮೂರನೆಯದು. ಇವುಗಳ ಜೊತೆಗೆ ವರ್ಷವಿಡೀ ಸುತ್ತುವ ಮತ್ತೊಂದು ಇದೆ: ಮರ್ಸಿಡಿಸ್ ಅನ್ನೋದು ಒಬ್ಬ ಹುಡುಗಿಯ ಹೆಸರು.

ಕೊನೆಯದು ನಿಜ. ಮೊದಲ ಮೂರರಲ್ಲಿ ಒಂದು ಅರ್ಧ ಸತ್ಯ, ಉಳಿದೆರಡು ಪೂರ್ತಿ ತಪ್ಪು. ಯಾಕೆ ಅಂತ ತಿಳಿಯಬೇಕಾದರೆ ಆ ಹುಡುಗಿಯ ಹೆಸರಿಟ್ಟ ಕಾರನ್ನು ನಿಜಕ್ಕೂ ಮಾಡಿದ ಮನುಷ್ಯನ ಕಥೆ ಕೇಳಬೇಕು. ಫಾರ್ವರ್ಡ್‌ನಲ್ಲಿ ಅವರ ಹೆಸರು ಇರುವುದಿಲ್ಲ. ಅವರು ವಿಲ್ಹೆಲ್ಮ್ ಮೈಬಾಕ್. ಇಂದು ಮೈಬಾಕ್ ಅಂದರೆ ಸಿನಿಮಾ ನಟರೂ ಉದ್ಯಮಿಗಳೂ ಓಡಾಡುವ ಕೋಟಿಗಟ್ಟಲೆ ಬೆಲೆಯ ಕಾರು ಅಂತಷ್ಟೇ ಗೊತ್ತು. ಆದರೆ ನಿಮ್ಮ ಮನೆಯ ಮುಂದೆ ನಿಂತಿರುವ ಸಾಧಾರಣ ಮಾರುತಿಯ ಮೂತಿಯಲ್ಲೂ ಅವರ ಲೆಕ್ಕಾಚಾರ ಕೂತಿದೆ.

ಭಾನುವಾರ ಬೆಳಗಿನ ಜಾವ ಹೆಬ್ಬಾಳದಲ್ಲಿ ನಿಂತರೆ ಬಳ್ಳಾರಿ ರಸ್ತೆಯಲ್ಲಿ ಯಲಹಂಕ, ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆಗೆ ಹೋಗುವ ಸ್ಪೋರ್ಟ್ಸ್ ಕಾರುಗಳ ಸದ್ದು ಕೇಳಿಸುತ್ತದೆ. ಅಂಥ ಒಂದು ಕಾರಿಗೆ 400 ಅಶ್ವಶಕ್ತಿ ಅಂದುಕೊಳ್ಳಿ, ಅಂದರೆ ಸುಮಾರು 300 ಕಿಲೋವ್ಯಾಟ್. ಪೆಟ್ರೋಲ್ ಇಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಚಕ್ರದ ಕಡೆಗೆ, ಒಂದು ಪಾಲು ಸೈಲೆನ್ಸರಿನ ಹೊಗೆಯ ಜೊತೆಗೆ, ಉಳಿದದ್ದು ಇಂಜಿನ್ನಿನ ಲೋಹಕ್ಕೆ ಹೋಗುತ್ತದೆ. ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಪೂರ್ತಿ ಆಕ್ಸಿಲರೇಟರ್ ತುಳಿದಾಗ ನೂರಕ್ಕೂ ಹೆಚ್ಚು ಗೀಸರ್‌ಗಳ ಶಾಖವನ್ನು ಬಾನೆಟ್ಟಿನ ಕೆಳಗಿಂದ ಹೊರಗೆ ಹಾಕಬೇಕು, ಅದೂ ಕ್ಷಣಕ್ಷಣಕ್ಕೂ. ಇದು ಒರಟು ಲೆಕ್ಕ, ಆದರೆ ಕಷ್ಟ ಎಷ್ಟು ದೊಡ್ಡದು ಅಂತ ಗೊತ್ತಾಗಲು ಸಾಕು.

ಅನಾಥಾಲಯದ ನಕ್ಷೆಗಾರ

ಮೈಬಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಈಗಿನ ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ. ತಂದೆ ಬಡಗಿ. ಹತ್ತು ವರ್ಷದ ಹೊತ್ತಿಗೆ ತಂದೆ, ತಾಯಿ ಇಬ್ಬರೂ ತೀರಿಕೊಂಡಿದ್ದರು. ರಾಯ್ಟ್‌ಲಿಂಗನ್ ಊರಿನಲ್ಲಿ ಗುಸ್ತಾವ್ ವರ್ನರ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಬ್ರೂಡರ್‌ಹೌಸ್ ಎಂಬ ಆಶ್ರಮ ನಡೆಸುತ್ತಿದ್ದರು. ಹುಡುಗ ಅಲ್ಲಿಗೆ ಸೇರಿದ. ಆಶ್ರಮಕ್ಕೆ ತನ್ನದೇ ಯಂತ್ರಗಳ ಕಾರ್ಖಾನೆ ಇತ್ತು. ಹುಡುಗನ ಕೈಯಲ್ಲಿ ಗೆರೆ ಚೆನ್ನಾಗಿ ಬರುತ್ತದೆ ಅಂತ ಗುರುತಿಸಿ ಅವನನ್ನು ಯಂತ್ರಗಳ ನಕ್ಷೆ ಬಿಡಿಸುವ ಕೆಲಸಕ್ಕೆ ಹಾಕಿದರು. ಹಗಲು ಕೆಲಸ, ಬಿಡುವಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ತರಗತಿ. ಕಾಲೇಜು ಪದವಿ ಅನ್ನುವುದು ಅವರ ಪಾಲಿಗೆ ಬಂದದ್ದು ಎಪ್ಪತ್ತರ ವಯಸ್ಸಿನಲ್ಲಿ, ಗೌರವ ಡಾಕ್ಟರೇಟ್ ರೂಪದಲ್ಲಿ.

ಆ ಕಾರ್ಖಾನೆಗೆ 1863ರಲ್ಲಿ ಮ್ಯಾನೇಜರ್ ಆಗಿ ಬಂದವರು ಗಾಟ್‌ಲೀಬ್ ಡೈಮ್ಲರ್. ಮೈಬಾಕ್‌ಗಿಂತ ಹನ್ನೆರಡು ವರ್ಷ ದೊಡ್ಡವರು. ಹುಡುಗನ ಪ್ರತಿಭೆ ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಮುಂದೆ ಡೈಮ್ಲರ್ ಯಾವ ಕಂಪನಿಗೆ ಹೋದರೂ ಮೈಬಾಕ್ ಅವರನ್ನು ಕರೆಸಿಕೊಂಡರು. ಮೊದಲು ಕಾರ್ಲ್ಸ್‌ರೂಹೆ, ಆಮೇಲೆ ಕಲೋನ್ ಬಳಿಯ ಡಾಯ್ಟ್ಸ್ ಇಂಜಿನ್ ಕಾರ್ಖಾನೆ. ನಾಲ್ಕು ಹಂತದ ಇಂಜಿನ್ನಿಗೆ ಹೆಸರಾದ ನಿಕೊಲಾಸ್ ಒಟ್ಟೊ ಅವರದ್ದೇ ಆ ಕಾರ್ಖಾನೆ. 1876ರ ಒಟ್ಟೊ ಇಂಜಿನ್ ಅಂಗಡಿಗೆ ಬರುವಷ್ಟು ಗಟ್ಟಿಮುಟ್ಟಾಗಿ ರೂಪುಗೊಂಡದ್ದರಲ್ಲಿ ಅಲ್ಲಿನ ಮುಖ್ಯ ವಿನ್ಯಾಸಗಾರರಾಗಿದ್ದ ಮೈಬಾಕ್ ಕೈ ದೊಡ್ಡದು. ಹೆಸರು ಮಾತ್ರ ಒಟ್ಟೊ ಅವರದ್ದು. ಇದು ಅವರ ಬದುಕಿನಲ್ಲಿ ಮತ್ತೆ ಮತ್ತೆ ಆಗುತ್ತದೆ.

1882ರಲ್ಲಿ ಡೈಮ್ಲರ್ ಜಗಳವಾಡಿಕೊಂಡು ಆ ಕಂಪನಿ ಬಿಟ್ಟು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಮನೆ ಕೊಂಡರು. ಮೈಬಾಕ್ ಹೆಂಡತಿ, ಪುಟ್ಟ ಮಗನ ಜೊತೆ ಹಿಂದೆಯೇ ಹೋದರು. ಮನೆಯ ತೋಟದ ಗಾಜಿನ ಕೊಠಡಿಯೇ ವರ್ಕ್‌ಶಾಪ್. ರಾತ್ರಿ ಹಗಲು ಸುತ್ತಿಗೆ ಸದ್ದು ಕೇಳಿ ತೋಟದ ಮಾಲಿಗೆ ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆ ಅನ್ನುವ ಅನುಮಾನ ಬಂತಂತೆ. ಪೊಲೀಸರು ಬಂದು ಹುಡುಕಿದಾಗ ಸಿಕ್ಕಿದ್ದು ಬರೀ ಇಂಜಿನ್ನು ಅಂತ ಆ ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. 1885ರಲ್ಲಿ ಅದೇ ಕೊಠಡಿಯ ಪುಟ್ಟ ಇಂಜಿನ್ನನ್ನು ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಗೆ ಕೂರಿಸಿದರು. ಅದು ಜಗತ್ತಿನ ಮೊದಲ ಪೆಟ್ರೋಲ್ ಮೋಟರ್‌ಸೈಕಲ್.

ಮುದ್ದೆಯ ಬಿಸಿ

ಆ ಮೋಟರ್‌ಸೈಕಲ್ ಇಂಜಿನ್ನಿಗೆ ಗಾಳಿಯೇ ಸಾಕಾಗಿತ್ತು. ಇಂಜಿನ್ ದೊಡ್ಡದಾದಂತೆ ಸಾಲದೆ ಹೋಯಿತು. ಇದರ ಕಾರಣ ಊಟದ ತಟ್ಟೆಯಲ್ಲೇ ಇದೆ. ರಾಗಿಮುದ್ದೆಯಿಂದ ಮುರಿದ ತುತ್ತು ಬೇಗ ಆರುತ್ತದೆ, ಇಡೀ ಮುದ್ದೆಯ ನಡುವೆ ಬೆರಳಿಟ್ಟರೆ ಇನ್ನೂ ಸುಡುತ್ತಿರುತ್ತದೆ. ಉಂಡೆಯ ಅಳತೆ ಎರಡು ಪಟ್ಟಾದರೆ ಒಳಗಿನ ಹೂರಣ ಎಂಟು ಪಟ್ಟು, ಹೊರಮೈ ನಾಲ್ಕೇ ಪಟ್ಟು. ಶಾಖ ಹುಟ್ಟುವುದು ಒಳಗೆ, ಆರುವುದು ಹೊರಮೈಯಲ್ಲಿ. ಇಂಜಿನ್ ಬೆಳೆದಂತೆ ಸ್ವಂತ ಚರ್ಮ ಅದಕ್ಕೆ ಸಾಲುವುದಿಲ್ಲ. ಹೊರಗಿನಿಂದ ಇನ್ನೊಂದು ಚರ್ಮ ಜೋಡಿಸಬೇಕು, ಶಾಖವನ್ನು ಒಳಗಿಂದ ಅಲ್ಲಿಗೆ ಹೊತ್ತೊಯ್ಯಲು ನೀರು ಬೇಕು.

ಆ ಕಾಲದವರು ಇದಕ್ಕೆ ಮಾಡಿದ ಉಪಾಯ ಸರಳ: ನೀರು ಕುದಿದು ಆವಿಯಾಗಿ ಹೋಗಲಿ, ಮತ್ತೆ ತುಂಬಿದರಾಯಿತು. ಕಾರ್ಲ್ ಬೆಂಜ್ ಅವರ ಗಾಡಿ ಹೀಗೇ ನಡೆಯುತ್ತಿತ್ತು. 1888ರ ಆಗಸ್ಟ್‌ನಲ್ಲಿ ಅವರ ಪತ್ನಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಪ್ಫೋರ್ಟ್ಸ್‌ಹೈಮ್‌ಗೆ ಹೋದಾಗ ದಾರಿಯುದ್ದಕ್ಕೂ ಸಿಕ್ಕಿದಲ್ಲೆಲ್ಲ ನೀರು ತುಂಬಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಬಾನೆಟ್ ತೆಗೆದು ನಿಲ್ಲಿಸಿದ ಅಂಬಾಸಿಡರ್, ಕೈಯಲ್ಲಿ ನೀರಿನ ಕ್ಯಾನ್ ಹಿಡಿದ ಡ್ರೈವರ್ ನಿಮಗೆ ನೆನಪಿದ್ದರೆ ಆ ದೃಶ್ಯ ಹೊಸದೇನಲ್ಲ.

ಮೈಬಾಕ್‌ಗೆ ಈ ದಾರಿ ಹಿಡಿಸಲಿಲ್ಲ. ಆವಿಯಾಗಿ ಹೋಗುವ ನೀರನ್ನೆಲ್ಲ ಹೊತ್ತುಕೊಂಡು ಓಡಬೇಕು, ಹೊತ್ತಷ್ಟೂ ಗಾಡಿ ಭಾರ. 1889ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅವರು ಮಾಡಿದ ಉಕ್ಕಿನ ಚಕ್ರದ ಗಾಡಿಯಲ್ಲಿ ಒಂದು ಚಂದದ ಉಪಾಯ ಇತ್ತು. ಗಾಡಿಯ ಚೌಕಟ್ಟು ಟೊಳ್ಳು ಕೊಳವೆಗಳದ್ದು. ಇಂಜಿನ್ನಿನ ಬಿಸಿ ನೀರನ್ನು ಆ ಕೊಳವೆಗಳೊಳಗೇ ಹರಿಸಿದರು. ಗಾಡಿಯ ಮೂಳೆಯೇ ತಂಪು ಮಾಡುವ ಯಂತ್ರ. ಎರಡು ಸಿಲಿಂಡರಿನ ಪುಟ್ಟ ಇಂಜಿನ್ನಿಗೆ ಇದು ಸಾಕಾಯಿತು. ಆದರೆ ಚೌಕಟ್ಟು ಎಷ್ಟು ಉದ್ದ ಇದ್ದೀತು? ಮತ್ತೆ ಅದೇ ಮುದ್ದೆಯ ಲೆಕ್ಕ.

1890ರಲ್ಲಿ ಡೈಮ್ಲರ್ ಕಂಪನಿ ಶೇರುದಾರರ ಕೈಗೆ ಹೋಯಿತು. ಅವರು ಮುಂದಿಟ್ಟ ಕರಾರು ಒಪ್ಪದೆ ಮೈಬಾಕ್ ಮರುವರ್ಷ ಹೊರಬಂದರು. ಬಾಗಿಲು ಮುಚ್ಚಿದ್ದ ಒಂದು ಹೋಟೆಲಿನಲ್ಲಿ ಡೈಮ್ಲರ್ ಹಣ ಹಾಕಿ ಅವರಿಗೆ ಬೇರೆ ವರ್ಕ್‌ಶಾಪ್ ಮಾಡಿಕೊಟ್ಟರು. ಪೆಟ್ರೋಲನ್ನು ಸಣ್ಣ ಹನಿಯಾಗಿ ಚಿಮ್ಮಿಸುವ ಕಾರ್ಬುರೇಟರ್ ಬಂದದ್ದು ಅಲ್ಲಿಂದ. ಆಚೆ ಕಂಪನಿ ಇವರಿಲ್ಲದೆ ಸೊರಗಿತು, 1895ರಲ್ಲಿ ಇಬ್ಬರನ್ನೂ ವಾಪಸು ಕರೆಸಿಕೊಂಡಿತು. ಎರಡು ವರ್ಷದ ನಂತರ, 1897ರಲ್ಲಿ, ಮೈಬಾಕ್ ಹಳೆಯ ಲೆಕ್ಕಕ್ಕೆ ಮರಳಿದರು. ನೀರಿನ ಪಾತ್ರೆಯೊಂದರ ಈ ಬದಿಯಿಂದ ಆ ಬದಿಗೆ ಸಣ್ಣ ಸಣ್ಣ ಕೊಳವೆಗಳನ್ನು ಹಾಯಿಸಿದರು. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಇದೇ ಕೊಳವೆ ರೇಡಿಯೇಟರ್.

8,070 ಕಿಂಡಿ

ಇಲ್ಲಿಗೆ ಎಮಿಲ್ ಯೆಲಿನೆಕ್ ಬರುತ್ತಾರೆ. ಫ್ರಾನ್ಸಿನ ನೀಸ್ ನಗರದಲ್ಲಿದ್ದ ಶ್ರೀಮಂತ ವ್ಯಾಪಾರಿ. ಡೈಮ್ಲರ್ ಕಾರುಗಳನ್ನು ಕೊಂಡು ಅಲ್ಲಿನ ಸಿರಿವಂತರಿಗೆ ಮಾರುತ್ತಿದ್ದರು, ರೇಸಿಗೂ ಇಳಿಸುತ್ತಿದ್ದರು. ಮಗಳು ಮರ್ಸಿಡಿಸ್ ಹೆಸರನ್ನೇ ತಮ್ಮ ರೇಸ್ ಹೆಸರಾಗಿ ಇಟ್ಟುಕೊಂಡಿದ್ದರು.

1900ನೇ ಇಸವಿಯ ಮಾರ್ಚ್ ತಿಂಗಳು ಕಾನ್‌ಸ್ಟಾಟ್‌ಗೆ ಕೆಟ್ಟದ್ದು. 6ರಂದು ಡೈಮ್ಲರ್ ತೀರಿಕೊಂಡರು. 30ರಂದು ನೀಸ್ ಬಳಿಯ ಲಾ ತುರ್ಬಿ ಬೆಟ್ಟ ಹತ್ತುವ ರೇಸಿನಲ್ಲಿ ಕಂಪನಿಯ ಫೋರ್‌ಮನ್ ವಿಲ್ಹೆಲ್ಮ್ ಬೌವರ್ ಓಡಿಸುತ್ತಿದ್ದ ಡೈಮ್ಲರ್ ಕಾರು ಅಪಘಾತಕ್ಕೆ ಸಿಕ್ಕಿ ಅವರು ಸತ್ತರು. ಎತ್ತರದ, ಗಿಡ್ಡ ಉದ್ದದ, ಮುಂದೆ ಭಾರ ತುಂಬಿದ ಕಾರು ಅದು. ಕಂಪನಿಯಲ್ಲಿ ರೇಸೇ ಬೇಡ ಅನ್ನುವ ಮಾತು ಎದ್ದಿತು. ಯೆಲಿನೆಕ್ ಉಲ್ಟಾ ಹಿಡಿದರು: ಕಾರು ಇನ್ನೂ ಉದ್ದವಾಗಬೇಕು, ಅಗಲವಾಗಬೇಕು, ನೆಲಕ್ಕೆ ಹತ್ತಿರವಾಗಬೇಕು, ಹಗುರಾಗಬೇಕು, ಶಕ್ತಿ ಮಾತ್ರ ಹೆಚ್ಚಬೇಕು. ಏಪ್ರಿಲ್ 2ರಂದು 36 ಕಾರುಗಳಿಗೆ ಆರ್ಡರ್ ಕೊಟ್ಟರು. ಬೆಲೆ 5,50,000 ಮಾರ್ಕ್. ಹೆಸರು ಮಗಳದ್ದೇ ಇರಬೇಕು ಅನ್ನುವುದು ಅವರ ಷರತ್ತು.

ಐವತ್ನಾಲ್ಕರ ಮೈಬಾಕ್ ಮೂವತ್ತೈದು ವರ್ಷದ ಜೊತೆಗಾರನನ್ನು ಕಳೆದುಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಒಂಬತ್ತು ತಿಂಗಳೊಳಗೆ, ಡಿಸೆಂಬರ್ 22ರಂದು, ಮೊದಲ ಕಾರು ಸಿದ್ಧವಾಗಿ ಹೊರಟಿತು. 35 ಅಶ್ವಶಕ್ತಿ, ನಾಲ್ಕು ಸಿಲಿಂಡರ್, 5.9 ಲೀಟರಿನ ಇಂಜಿನ್. ಅಷ್ಟು ಶಕ್ತಿಯ ಇಂಜಿನ್ನಿಗೆ ಹಿಂದಿನ ಉಪಾಯಗಳು ಯಾವುವೂ ಸಾಲುತ್ತಿರಲಿಲ್ಲ. ಸಾಲುವಷ್ಟು ನೀರು ಹೊತ್ತರೆ ಯೆಲಿನೆಕ್ ಕೇಳಿದ ಹಗುರ ಕಾರು ಸಿಗುತ್ತಿರಲಿಲ್ಲ.

ಮೈಬಾಕ್ ಮಾಡಿದ್ದು ಜೇನುಗೂಡಿನಂಥ ರೇಡಿಯೇಟರ್. ಕಾರಿನ ಮುಂದೆ ನೆಟ್ಟಗೆ ನಿಂತ ಆಯತ. ಅದರಲ್ಲಿ 8,070 ಚೌಕ ಕೊಳವೆ, ಒಂದೊಂದರ ಬಾಯಿ 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಎತ್ತರ. ಕೊಳವೆಗಳೊಳಗೆ ಗಾಳಿ ನುಗ್ಗುತ್ತದೆ, ಅವುಗಳ ನಡುವಿನ ಸಂದಿಯಲ್ಲಿ ನೀರು ತೆಳುವಾಗಿ ಇಳಿಯುತ್ತದೆ. ನಾವು ಕೂತು ಲೆಕ್ಕ ಹಾಕಿದೆವು. ಒಂದು ಕೊಳವೆಯ ಸುತ್ತಳತೆ 24 ಮಿಲಿಮೀಟರ್. ಕೊಳವೆ ಒಂದೇ ಸೆಂಟಿಮೀಟರ್ ಉದ್ದವಿದ್ದರೂ 8,070 ಕೊಳವೆಗಳ ಒಳಮೈ ಸೇರಿ ಸುಮಾರು 1.9 ಚದರ ಮೀಟರ್, ಮನೆಯ ಮುಂಬಾಗಿಲಿನಷ್ಟು. ಉದ್ದ ಒಂದೊಂದು ಸೆಂಟಿಮೀಟರ್ ಹೆಚ್ಚಿದಂತೆ ಇನ್ನೊಂದೊಂದು ಬಾಗಿಲು. ಇಡೀ ಗೋಡೆಗಳಷ್ಟು ಹೊರಮೈಯನ್ನು ಅವರು ಕಾರಿನ ಮೂತಿಯಲ್ಲಿ ಮಡಚಿಟ್ಟರು. ಫಲ: ಹಿಂದೆ 18 ಲೀಟರ್ ನೀರು ಬೇಕಿದ್ದ ಕಡೆ 9 ಲೀಟರ್ ಸಾಕಾಯಿತು.

ಫಿಲ್ಟರ್ ಕಾಫಿ ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಟದಲ್ಲಿ ಸುಡುವ ಕಾಫಿಯನ್ನು ಅಗಲದ ಡಬರಾಕ್ಕೆ ಸುರಿಯುತ್ತೇವೆ, ಎತ್ತರದಿಂದ ಎರಡು ಸಲ ಹೊಯ್ಯುತ್ತೇವೆ. ಕಾಫಿ ಅಷ್ಟೇ, ಗಾಳಿಗೆ ತಾಗುವ ಮೈ ಹೆಚ್ಚಾಯಿತು, ಗಾಳಿಯೂ ಹೊಸದು ಬಂತು. ತಂಪು ಮಾಡುವುದು ನೀರಲ್ಲ, ಗಾಳಿ. ನೀರು ಬರೀ ಹೊರುವ ಆಳು. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮೇಲಿನ ಫಾರ್ವರ್ಡ್‌ಗಳನ್ನು ನೀವೇ ಜಾಲಾಡಬಹುದು.

ಇನ್ನೊಂದು ಸಣ್ಣ ಸಂಗತಿ ಇತ್ತು, ನಮ್ಮ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ರೇಡಿಯೇಟರ್ ಹಿಂದೆ ಮೈಬಾಕ್ ಒಂದು ಫ್ಯಾನ್ ಇಟ್ಟರು. ಕಾರು ಜೋರಾಗಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಧಾನವಾದಾಗ ಗಾಳಿಯನ್ನು ಎಳೆಯುವವರು ಬೇಕಲ್ಲ?

1901ರ ಮಾರ್ಚ್ ಕೊನೆಯಲ್ಲಿ ನೀಸ್ ರೇಸ್ ವಾರ ಬಂತು. ಮರ್ಸಿಡಿಸ್ ಕಾರುಗಳು ದೂರದ ಓಟ, ವೇಗದ ಓಟ, ಬೆಟ್ಟದ ಓಟ ಎಲ್ಲದರಲ್ಲೂ ಗೆದ್ದವು. ಬೌವರ್ ಸತ್ತ ಅದೇ ಲಾ ತುರ್ಬಿ ಬೆಟ್ಟದಲ್ಲಿ ಹಿಂದಿನ ದಾಖಲೆಯ ಸರಾಸರಿ ವೇಗ ಗಂಟೆಗೆ 31.3 ಕಿಲೋಮೀಟರ್ ಇತ್ತು, ಹೊಸದು 51.4. ಗೆಲುವಿಗೆ ಹಗುರ ಇಂಜಿನ್, ತಗ್ಗಿದ ಮೈಕಟ್ಟು ಎಲ್ಲ ಕಾರಣವೇ. ಆದರೆ ಏರಿನಲ್ಲಿ ಪೂರ್ತಿ ಶಕ್ತಿ ಹಾಕಿದ ಇಂಜಿನ್ ಕುದಿಯದೆ ಉಳಿಯದಿದ್ದರೆ ಉಳಿದದ್ದು ಯಾವುದೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರು ಅಂತ ನಾವು ಇವತ್ತು ಕರೆಯುವುದರ ಅಜ್ಜ ಈ ಕಾರು.

ಅದೇ ಲೆಕ್ಕ ಹೆಬ್ಬಾಳದಲ್ಲಿ

ಈಗ ಮೂರನೇ ಫಾರ್ವರ್ಡ್‌ನಿಂದ ಶುರು ಮಾಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 100 ಡಿಗ್ರಿಗೆ ಅಲ್ಲ, ಸುಮಾರು 97ಕ್ಕೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ಸುಮಾರು 95ಕ್ಕೆ. ಗಾಳಿಯೂ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು, ಅಂದರೆ ರೇಡಿಯೇಟರ್ ಮೂಲಕ ಹಾದುಹೋಗುವ ಗಾಳಿ ಹೊರುವ ಶಾಖವೂ ಅಷ್ಟು ಕಡಿಮೆ. ತಂಪು ಹವೆಯಿಂದ ಲಾಭ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಬೆಟ್ಟ ಹತ್ತಿ ಇಳಿದು ಹೆಬ್ಬಾಳದ ಜಾಮ್‌ನಲ್ಲಿ ಏಸಿ ಹಾಕಿಕೊಂಡು ಅರ್ಧ ಗಂಟೆ ನಿಂತ ಕಾರಿಗೆ ಮೇ ತಿಂಗಳ ಬೆಂಗಳೂರು ತಂಪೇನೂ ಅಲ್ಲ. ಅಲ್ಲಿ ಎದುರುಗಾಳಿ ಸೊನ್ನೆ. ಉಳಿದಿರುವುದು ಫ್ಯಾನ್ ಒಂದೇ. ಹೈವೇಯಲ್ಲಿ ಸರಿಯಿದ್ದು ಜಾಮ್‌ನಲ್ಲಿ ಮಾತ್ರ ಟೆಂಪರೇಚರ್ ಮುಳ್ಳು ಏರಿದರೆ ಮೊದಲು ಫ್ಯಾನ್, ಅದರ ಫ್ಯೂಸು, ರಿಲೇ ನೋಡಿಸಿ. ಜಾಮ್‌ನಲ್ಲಿ ಸರಿಯಿದ್ದು ಏರಿನಲ್ಲಿ, ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿರಬಹುದು, ಕೂಲೆಂಟ್ ಕಡಿಮೆಯಾಗಿರಬಹುದು, ವಾಟರ್ ಪಂಪ್ ಸೋತಿರಬಹುದು.

ಕುದಿಯುವ ಮಟ್ಟವನ್ನು ಮೇಲೆತ್ತಲು ಈಗಿನ ಕಾರುಗಳಲ್ಲಿ ಕೂಲಿಂಗ್ ವ್ಯವಸ್ಥೆಯನ್ನು ಮುಚ್ಚಳ ಹಾಕಿ ಒತ್ತಡದಲ್ಲಿ ಇಡುತ್ತಾರೆ. ಪ್ರೆಷರ್ ಕುಕ್ಕರ್ ಕೆಲಸ ಮಾಡುವುದೂ ಹೀಗೇ. ಒತ್ತಡ ಇದ್ದಾಗ ಸುಮಾರು 120 ಡಿಗ್ರಿವರೆಗೂ ಅದು ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹಳಸಿ ಒತ್ತಡ ಸೋರಿದರೆ ಮತ್ತೆ 97ರ ಹತ್ತಿರಕ್ಕೆ ಬಂದಿರಿ. ಕೆಲವೇ ನೂರು ರೂಪಾಯಿಯ ಮುಚ್ಚಳ ಇಂಜಿನ್ ಕೆಲಸಕ್ಕೆ ಲಕ್ಷ ಎಳೆಯಬಲ್ಲದು.

ಇದೇ ಕಾರಣಕ್ಕೆ ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸುವುದು ಕುಕ್ಕರಿನ ವಿಷಲ್ ಇಳಿಯುವ ಮುಂಚೆ ಮುಚ್ಚಳ ತೆಗೆದಂತೆ. ಒತ್ತಡ ಬಿಟ್ಟ ಕ್ಷಣ ಒಳಗಿನದ್ದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆಗೆದರೆ ಪರವಾಗಿಲ್ಲ ಅನ್ನುವ ವಿಡಿಯೋಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ರೇಡಿಯೇಟರ್ ಮೇಲಿನ ಹೋಸ್ ಪೈಪು ಕೈಗೆ ಸುಡದಷ್ಟು ಆರುವವರೆಗೆ ಕಾಯಿರಿ. ಸುಟ್ಟೇಬಿಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಟೂತ್‌ಪೇಸ್ಟ್, ಇಂಕು, ಅರಿಶಿನ ಹಚ್ಚಬೇಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಒಂದು ಉಪಾಯ ಮಾತ್ರ ಫಾರ್ವರ್ಡ್‌ನಲ್ಲಿ ಬಂದರೂ ನಿಜ. ಮುಳ್ಳು ಏರುತ್ತಿದ್ದು ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಏಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ನೀವು ಬೇಯುತ್ತೀರಿ, ಇಂಜಿನ್ ಸ್ವಲ್ಪ ಉಸಿರಾಡುತ್ತದೆ.

ಇನ್ನು ನಲ್ಲಿ ನೀರಿನ ಮಾತು. ಅರ್ಧ ಸತ್ಯ ಅಂದೆವಲ್ಲ, ಅದು ಇದೇ. ಲೀಟರಿಗೆ ಲೀಟರ್ ಹೋಲಿಸಿದರೆ ಬರೀ ನೀರು ಕೂಲೆಂಟ್ ಮಿಶ್ರಣಕ್ಕಿಂತ ಹೆಚ್ಚು ಶಾಖ ಹೊರುತ್ತದೆ. ಆದರೆ ಬರೀ ನೀರು ಬೇಗ ಕುದಿಯುತ್ತದೆ, ಕಬ್ಬಿಣಕ್ಕೆ ತುಕ್ಕು, ಅಲ್ಯೂಮಿನಿಯಮ್ಮಿಗೆ ತೂತು ತರುತ್ತದೆ. ಆರ್‌ಟಿ ನಗರ, ಯಲಹಂಕದ ಎಷ್ಟೋ ಮನೆಗಳಿಗೆ ಬರುವುದು ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು. ಬೋರ್‌ವೆಲ್ ನೀರು ಕಾಸುವ ಗೀಸರ್ ಕಾಯಿಲ್ ಮೇಲೆ ಬಿಳಿ ಗಾರೆ ಕಟ್ಟುವುದನ್ನು ನೋಡಿದ್ದೀರಿ. ಅದೇ ಗಾರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತರೆ ಮೈಬಾಕ್ ಕಷ್ಟಪಟ್ಟು ಗಳಿಸಿದ ಹೊರಮೈಯೆಲ್ಲ ಗೋಡೆಯ ಹಿಂದೆ ಹೋದಂತೆ. ದಾರಿಯಲ್ಲಿ ಸಿಕ್ಕಿಬಿದ್ದಾಗ, ಇಂಜಿನ್ ಆರಿದ ಮೇಲೆ, ಕುಡಿಯುವ ನೀರು ಹಾಕಿ ಗ್ಯಾರೇಜ್ ಸೇರಿಕೊಳ್ಳುವುದರಲ್ಲಿ ತಪ್ಪಿಲ್ಲ. ಆಮೇಲೆ ಅದನ್ನು ತೆಗೆಸಿ ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಹೇಳಿದ ಪ್ರಮಾಣದಲ್ಲಿ ತುಂಬಿಸಿ. ಹಸಿರು, ಕೆಂಪು, ನೀಲಿ ಅಂತ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಲೂಬೇಡಿ. ತೆಗೆದ ಹಳೆಯ ಕೂಲೆಂಟನ್ನು ಬಯಲಲ್ಲಿ ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಕೊಲ್ಲುವಷ್ಟು ವಿಷ ಅದು.

ಥರ್ಮೋಸ್ಟಾಟ್ ಬಾಗಿಲ ಕಾವಲುಗಾರ. ಇಂಜಿನ್ ಹದಕ್ಕೆ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದನ್ನು ಕಿತ್ತರೆ ಇಂಜಿನ್ ಹದಕ್ಕೆ ಬರುವುದು ತಡ, ಪೆಟ್ರೋಲ್ ಹೆಚ್ಚು, ಸವೆತವೂ ಹೆಚ್ಚು. ಕೆಲವು ಇಂಜಿನ್ನುಗಳಲ್ಲಿ ಬಿಸಿಯಾದ ಮೇಲೆ ಅಡ್ಡದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅಲ್ಲಿ ಅದನ್ನು ಕಿತ್ತರೆ ನೀರು ರೇಡಿಯೇಟರ್ ಬಿಟ್ಟು ಅಡ್ಡದಾರಿಯಲ್ಲೇ ಸುತ್ತಿ ಇಂಜಿನ್ ಇನ್ನಷ್ಟು ಬಿಸಿಯಾಗುತ್ತದೆ.

ಸ್ಪೋರ್ಟ್ಸ್ ಕಾರಿನವರಿಗೆ ಎರಡು ಮಾತು ಹೆಚ್ಚು. ಇಂಜಿನ್ ಹಿಂದೆ ಅಥವಾ ನಡುವೆ ಇದ್ದು ರೇಡಿಯೇಟರ್ ಮುಂದೆ ಇರುವ ಕಾರುಗಳಲ್ಲಿ ನೀರಿನ ಪೈಪು ಉದ್ದ. ಕೂಲೆಂಟ್ ಬದಲಿಸಿದಾಗ ಗಾಳಿ ಸಿಕ್ಕಿಹಾಕಿಕೊಂಡು ಏರ್ ಲಾಕ್ ಆಗುವುದು ಸುಲಭ, ಆ ಗಾಳಿಯನ್ನು ಪೂರ್ತಿ ತೆಗೆಸಲೇಬೇಕು. ಎರಡನೆಯದು ಬರೀ ಕಸದ ವಿಷಯ. 1998ರ ಸುಮಾರಿಗೆ ಗಾಳಿ ತಂಪಿನಿಂದ ನೀರಿನ ತಂಪಿಗೆ ಬದಲಾದ ಪೋರ್ಷೆ 911ರಂಥ ಕಾರುಗಳ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಕಿಂಡಿಗಳ ಹಿಂದೆ, ನೆಲಕ್ಕೆ ಹತ್ತಿರ ಇವೆ. ಬೆಂಗಳೂರಿನ ಮರಗಳು ಎಲೆ, ಹೂ ಉದುರಿಸುವ ದಿನಗಳಲ್ಲಿ ಅವೆಲ್ಲ ಅಲ್ಲಿಗೆ ಹೋಗಿ ಸೇರುತ್ತವೆ, ಮಳೆ ಬಂದಾಗ ಒದ್ದೆಯಾಗಿ ಗೊಬ್ಬರದಂತೆ ಅಂಟುತ್ತವೆ. ವರ್ಷಕ್ಕೊಮ್ಮೆ ತೆಗೆಸಿ. ಹೈ ಪ್ರೆಷರ್ ವಾಟರ್ ವಾಷ್ ನೇರವಾಗಿ ಹೊಡೆಸಬೇಡಿ, ತೆಳು ರೆಕ್ಕೆಗಳು ಮಡಚಿ ಕಿಂಡಿ ಮುಚ್ಚುತ್ತವೆ. ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಗಾಬರಿ ಬೇಡ, ಅದು ಅದರ ಕೆಲಸ.

ಹೊರಗೆ ಕೂತವರು

ಗೆದ್ದ ಮೇಲೆ ಮೈಬಾಕ್ ಅವರಿಗೆ ಸಿಕ್ಕಿದ್ದು ಮೂಲೆ. ಡೈಮ್ಲರ್ ಇಲ್ಲದ ಕಂಪನಿಯಲ್ಲಿ ಅವರ ಪರ ನಿಲ್ಲುವವರು ಉಳಿದಿರಲಿಲ್ಲ. ಕೆಲವೇ ವರ್ಷಗಳಲ್ಲಿ ವಿನ್ಯಾಸದ ಮುಖ್ಯ ಕೆಲಸ ಬೇರೆಯವರ ಕೈಗೆ ಹೋಯಿತು, ಅವರನ್ನು ಹೊಸ ಆಲೋಚನೆಗಳ ಕಚೇರಿ ಅಂತ ಒಂದು ಹೆಸರಿಗಷ್ಟೇ ಇದ್ದ ವಿಭಾಗಕ್ಕೆ ಹಾಕಿದರು. 1907ರಲ್ಲಿ ಅರವತ್ತೊಂದರ ಮೈಬಾಕ್ ಕಂಪನಿ ಬಿಟ್ಟರು. ಕಾರಿಗೆ ಇದ್ದದ್ದು ಯೆಲಿನೆಕ್ ಮಗಳ ಹೆಸರು, ಕಂಪನಿಗೆ ಇದ್ದದ್ದು ಡೈಮ್ಲರ್ ಹೆಸರು.

ಸುಮ್ಮನೆ ಕೂರಲಿಲ್ಲ. 1908ರ ಆಗಸ್ಟ್‌ನಲ್ಲಿ ಕೌಂಟ್ ಜೆಪ್ಪೆಲಿನ್ ಅವರ ದೊಡ್ಡ ವಾಯುನೌಕೆ ಎಕ್ಟರ್‌ಡಿಂಗನ್ ಬಳಿ ಸುಟ್ಟುಹೋಯಿತು. ಇಂಜಿನ್ ತೊಂದರೆಯಿಂದ ಅದು ಅಲ್ಲಿ ಇಳಿಯಬೇಕಾಗಿ ಬಂದಿತ್ತು. ಮರುವರ್ಷ ಮೈಬಾಕ್ ಮತ್ತು ಜೆಪ್ಪೆಲಿನ್ ಸೇರಿ ವಾಯುನೌಕೆಗಳ ಇಂಜಿನ್ನಿಗೆಂದೇ ಒಂದು ಕಂಪನಿ ಶುರು ಮಾಡಿದರು. ನಡೆಸಿದವರು ಮಗ ಕಾರ್ಲ್ ಮೈಬಾಕ್, ಗಾಜಿನ ಕೊಠಡಿಯ ದಿನಗಳಲ್ಲಿ ತೊಡೆಯ ಮೇಲಿದ್ದ ಮಗು. ಮೊದಲ ಮಹಾಯುದ್ಧದ ನಂತರ ಜರ್ಮನಿಗೆ ವಿಮಾನದ ಇಂಜಿನ್ ಮಾಡುವುದಕ್ಕೆ ನಿರ್ಬಂಧ ಬಂತು, ಕಾರ್ಲ್ ಕಾರಿನ ಕಡೆ ತಿರುಗಿದರು. 1921ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮೈಬಾಕ್ ಅನ್ನುವ ಹೆಸರಿನ ಕಾರು ನಿಂತಾಗ ತಂದೆಗೆ ಎಪ್ಪತ್ತೈದು. ಆ ಇಂಜಿನ್ ಕಂಪನಿಯೇ ಮುಂದೆ ಎಂಟಿಯು ಎಂಬ ಸಂಸ್ಥೆಯಲ್ಲಿ ಸೇರಿತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೀವು ನೋಡುವ ನಮ್ಮ ಅರ್ಜುನ್ ಟ್ಯಾಂಕಿನ 1,400 ಅಶ್ವಶಕ್ತಿಯ ಇಂಜಿನ್ ಎಂಟಿಯು ಸಂಸ್ಥೆಯದ್ದು.

ವಿಲ್ಹೆಲ್ಮ್ ಮೈಬಾಕ್ 1929ರ ಡಿಸೆಂಬರ್ 29ರಂದು ತೀರಿಕೊಂಡರು. ಕಾನ್‌ಸ್ಟಾಟ್‌ನ ಉಫ್ ಸ್ಮಶಾನದಲ್ಲಿ, ಡೈಮ್ಲರ್ ಇರುವಲ್ಲೇ, ಅವರನ್ನೂ ಮಣ್ಣು ಮಾಡಿದರು. ಆ ಹೊತ್ತಿಗೆ ಜೇನುಗೂಡಿನ ರೇಡಿಯೇಟರ್ ಮರ್ಸಿಡಿಸ್ ಕಾರಿನ ಮುಖವೇ ಆಗಿಹೋಗಿತ್ತು, ಜನ ದೂರದಿಂದಲೇ ಅದನ್ನು ನೋಡಿ ಕಾರಿನ ಗುರುತು ಹಿಡಿಯುತ್ತಿದ್ದರು. ಆಮೇಲೆ ನಿಜವಾದ ರೇಡಿಯೇಟರ್ ಒಳಗೆ ಸರಿದು ಮುಂದೆ ಉಳಿದದ್ದು ಅಲಂಕಾರದ ಜಾಲರಿ. ಈಗಿನ ಎಲೆಕ್ಟ್ರಿಕ್ ಮರ್ಸಿಡಿಸ್‌ಗಳಲ್ಲಿ ಆ ಜಾಲರಿಯ ಜಾಗದಲ್ಲಿ ಕಿಂಡಿಯಿಲ್ಲದ ಕಪ್ಪು ಫಲಕ ಇರುತ್ತದೆ. ಅದರ ಕೆಳಗೆ, ಬ್ಯಾಟರಿಯನ್ನು ತಂಪಾಗಿಡಲು, ಒಂದು ರೇಡಿಯೇಟರ್ ಈಗಲೂ ಇದೆ.